ಕೀಬೋರ್ಡ್ ಕೆಟ್ಟಿಲ್ಲ, ಕೇಳೋರಿಲ್ಲ

ಹೊಸ ಕಂಪ್ಯೂಟರಿಗೆ ವಿಂಡೋಸೋ ಲಿನಕ್ಸೋ ಹಾಕಲು ಕೂತಿರುತ್ತೀರಿ. ಪರದೆಯ ಮೇಲೆ ಭಾಷೆ ಆರಿಸಿ, ಮುಂದುವರಿಯಿರಿ ಅನ್ನೋ ಪುಟ ಬಂದಿದೆ. ಪಕ್ಕದಲ್ಲಿ ಚೆಂದದ ವೈರ್‌ಲೆಸ್ ಕೀಬೋರ್ಡ್ ಇದೆ. ಎಂಟರ್ ಒತ್ತಿದರೆ ಏನೂ ಆಗೋದಿಲ್ಲ. ಮತ್ತೆ ಒತ್ತುತ್ತೀರಿ, ಈ ಸಲ ಸ್ವಲ್ಪ ಜೋರಾಗಿ. ಬ್ಯಾಟರಿ ತೆಗೆದು ತಿರುಗಿಸಿ ಹಾಕುತ್ತೀರಿ. ಅಂಗಡಿಯವನಿಗೆ ಫೋನ್ ಮಾಡಿದರೆ "ಕೀಬೋರ್ಡ್ ಹೋಗಿದೆ ಸಾರ್, ಬೇರೆ ತಗೊಳ್ಳಿ" ಅನ್ನುತ್ತಾನೆ. ತಮಾಷೆ ಏನಪ್ಪಾ ಅಂದ್ರೆ, ಐದು ನಿಮಿಷದ ಹಿಂದೆ ಕಂಪ್ಯೂಟರ್ ಆನ್ ಆದಾಗ ಅದೇ ಕೀಬೋರ್ಡಿನಲ್ಲಿ ನೀವು ಮೆನು ತೆಗೆದಿದ್ದಿರಿ!

ಹತ್ತರಲ್ಲಿ ಒಂಬತ್ತು ಸಲ ಕೀಬೋರ್ಡ್ ಕೆಟ್ಟಿರೋದಿಲ್ಲ. ಅದು ಹೇಳಿದ್ದನ್ನು ಕೇಳಿಸಿಕೊಳ್ಳೋರು ಆ ಹೊತ್ತಿನಲ್ಲಿ ಒಳಗೆ ಯಾರೂ ಇರೋದಿಲ್ಲ, ಅಷ್ಟೆ. ಯಾಕೆ ಇರೋದಿಲ್ಲ ಅನ್ನೋದಕ್ಕೆ ನಲವತ್ತು ವರ್ಷಗಳ ಒಂದು ಇತಿಹಾಸವಿದೆ. ನಾನು ಬಿ.ಕಾಂ ಓದಿದ ಬ್ಯಾಂಕಿನವನು, ಇಂಜಿನಿಯರ್ ಅಲ್ಲ. ಆದರೂ ಈ ಕಥೆ ಬ್ಯಾಂಕಿನವರಿಗೆ ಬೇಗ ಅರ್ಥವಾಗುವಂಥದು. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಕೀಲಿ ಒತ್ತಿದಾಗ ಏನಾಗುತ್ತೆ ನೋಡೋಣ. ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ. ಅದು ಕಳಿಸೋದು ಬರೀ ಒಂದು ಸಂಖ್ಯೆ. ಹಳೆಯ ಐಬಿಎಂ ಪಿಸಿ ಪದ್ಧತಿಯಲ್ಲಿ 'ಎ' ಒತ್ತಿದರೆ 30, ಕೈ ತೆಗೆದರೆ ಅದಕ್ಕೆ 128 ಸೇರಿಸಿ 158. ಯುಎಸ್‌ಬಿ ಪದ್ಧತಿಯಲ್ಲಿ ಅದೇ ಕೀಲಿಗೆ 4. ಆ ಸಂಖ್ಯೆಯನ್ನು 'ಎ' ಅಂತ ಓದಬೇಕೋ 'ಅ' ಅಂತ ಓದಬೇಕೋ ಅನ್ನೋದನ್ನು ನಿರ್ಧರಿಸೋದು ಕಂಪ್ಯೂಟರಿನೊಳಗಿನ ತಂತ್ರಾಂಶ. ಹಾಗಾಗಿಯೇ ಒಂದೇ ಒಂದು ಕನ್ನಡ ಅಕ್ಷರ ಅಚ್ಚಾಗಿರದ ಕೀಬೋರ್ಡಿನಲ್ಲಿ ನಾವೆಲ್ಲ ಕನ್ನಡ ಕುಟ್ಟುತ್ತಿರೋದು. ಅಂದ ಹಾಗೆ, ನಮ್ಮ ಸರ್ಕಾರ ಒಪ್ಪಿಕೊಂಡು 'ನುಡಿ'ಯಲ್ಲಿ ಬಳಕೆಗೆ ಬಂದ ಕನ್ನಡ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ.ರಾವ್ ಅವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ಬಹಳ ಕಾಲ ಕೆಲಸ ಮಾಡಿದ್ದು ನಮ್ಮ ಮುಂಬೈಯಲ್ಲಿ, ಟಾಟಾ ಪ್ರೆಸ್ಸಿನಂಥ ಕಡೆ. ಮುಂಬೈ ಕನ್ನಡಿಗರು ಎದೆ ಉಬ್ಬಿಸಿಕೊಳ್ಳೋ ವಿಷಯ, ಆದರೆ ಇಲ್ಲಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇರಲಿ, ವಿಷಯಕ್ಕೆ ಬರೋಣ. ಸಂಖ್ಯೆ ಬಂತು ಸರಿ, ಅದನ್ನು ತೆಗೆದುಕೊಳ್ಳೋರು ಯಾರು?

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಹೊರತಂದಾಗ ಈ ಪ್ರಶ್ನೆಗೆ ಸುಲಭದ ಉತ್ತರವಿತ್ತು. 83 ಕೀಲಿಗಳ ಭಾರವಾದ ಕೀಬೋರ್ಡು, ಹಳೆಯ ಫೋನಿನ ವೈರಿನ ಹಾಗೆ ಸುರುಳಿ ಸುತ್ತಿದ ದಪ್ಪ ವೈರು, ತುದಿಯಲ್ಲಿ ಐದು ಪಿನ್ನಿನ ದುಂಡನೆಯ ಪ್ಲಗ್ಗು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲೇ ಬಯಾಸ್ ಅನ್ನೋ ಚಿಕ್ಕ ಕಾಯಂ ತಂತ್ರಾಂಶ ಕೂತಿರುತ್ತಿತ್ತು. ಕರೆಂಟ್ ಬಂದ ಕೂಡಲೇ ಎಚ್ಚರಾಗೋದು ಅದೇ ಮೊದಲು. ಕೀಬೋರ್ಡಿನ ಸಂಖ್ಯೆಯನ್ನು ಅದು ಹಿಡಿದು ಇಟ್ಟುಕೊಳ್ಳುತ್ತಿತ್ತು. ಡಾಸ್ ಬಂದ ಮೇಲೂ ಕೀಲಿ ಬೇಕಾದಾಗ ಬಯಾಸನ್ನೇ ಕೇಳುತ್ತಿತ್ತು. ಅಂದರೆ ಮೊದಲಿಂದ ಕೊನೆವರೆಗೆ ಒಬ್ಬನೇ ಗುಮಾಸ್ತ, ಒಂದೇ ಕೌಂಟರು.

ಕೀಬೋರ್ಡ್ ಹಾಕದೆ ಆನ್ ಮಾಡಿದರೆ ಐಬಿಎಂ ಯಂತ್ರ 301 ಅನ್ನೋ ದೋಷಸಂಖ್ಯೆ ತೋರಿಸುತ್ತಿತ್ತು. ಆಮೇಲೆ ಬಂದ ಬೇರೆ ಕಂಪನಿಗಳ ಬಯಾಸ್‌ಗಳಲ್ಲಿ ಒಂದು ಪ್ರಸಿದ್ಧ ಸಂದೇಶವಿತ್ತು, ನೀವೂ ನೋಡಿರುತ್ತೀರಿ: ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ! ಕೀಬೋರ್ಡ್ ಇಲ್ಲದವನು ಎಫ್1 ಎಲ್ಲಿ ಒತ್ತಬೇಕು ಸ್ವಾಮೀ ಅಂತ ನಮ್ಮ ಬ್ರಾಂಚಿನಲ್ಲಿ ಎಲ್ಲರೂ ನಗುತ್ತಿದ್ದೆವು. ಆದರೆ ಅದರಲ್ಲೂ ಅರ್ಥವಿತ್ತು ಅನ್ನಿ. ಸಡಿಲವಾದ ಪ್ಲಗ್ಗನ್ನು ಸರಿಯಾಗಿ ಒತ್ತಿ ಆಮೇಲೆ ಎಫ್1 ಒತ್ತಿದರೆ ಕೆಲವು ಸಲ ಕೆಲಸ ನಡೆಯುತ್ತಿತ್ತು.

1984ರ ಐಬಿಎಂ ಎಟಿ ಯಂತ್ರದಲ್ಲಿ ಕೀಬೋರ್ಡಿಗೆಂದೇ 8042 ಅನ್ನೋ ಪ್ರತ್ಯೇಕ ಚಿಪ್ ಬಂತು. 1987ರ ಏಪ್ರಿಲಿನಲ್ಲಿ ಪಿಎಸ್/2 ಯಂತ್ರಗಳ ಜೊತೆ ಆರು ಪಿನ್ನಿನ ಸಣ್ಣ ಪ್ಲಗ್ ಬಂತು. ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಅನ್ನೋ ಬಣ್ಣಗಳು ಇನ್ನೂ ತಡವಾಗಿ ಬಂದವು. ಪ್ಲಗ್ಗಿನ ಆಕಾರ ಬದಲಾದರೂ ಒಳಗಿನ ಒಪ್ಪಂದ ಬದಲಾಗಲಿಲ್ಲ. ಡಾಸ್, ವಿಂಡೋಸ್, ಯುನಿಕ್ಸ್ ಯಾವುದನ್ನೇ ಹಾಕಿ, ಅದಕ್ಕೆ 8042ರ ವಿಳಾಸ ಬಾಯಿಪಾಠ. ಡ್ರೈವರ್ ಕೊಡಿ, ಸಿಡಿ ಹಾಕಿ ಅನ್ನೋ ರಗಳೆಯೇ ಇಲ್ಲ. ಆ ಕಾಲದಲ್ಲಿ ಕೀಬೋರ್ಡ್ ಸತ್ತರೆ ಅದು ನಿಜವಾಗಿಯೂ ಸತ್ತಿರುತ್ತಿತ್ತು. :-)

ವೈರ್‌ಲೆಸ್ ಕೀಬೋರ್ಡ್ ಈಚಿನದು ಅಂದುಕೊಂಡಿದ್ದೀರಾ? ಅಲ್ಲ. 1983ರ ನವೆಂಬರ್ 1ರಂದು ಐಬಿಎಂ 'ಪಿಸಿಜೂನಿಯರ್' ಅನ್ನೋ ಮನೆಬಳಕೆಯ ಕಂಪ್ಯೂಟರನ್ನು ಪ್ರಕಟಿಸಿತು. ಅದರ 62 ಕೀಲಿಗಳ ಕೀಬೋರ್ಡಿಗೆ ವೈರೇ ಇರಲಿಲ್ಲ. ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಮಾತಾಡುತ್ತಿತ್ತು, ನಾಲ್ಕು ಪೆನ್‌ಸೆಲ್ ಬೇಕಿತ್ತು. ಸೋಫಾದಲ್ಲಿ ಕಾಲು ಚಾಚಿ ಕೂತು ಟೈಪ್ ಮಾಡಬಹುದು ಅನ್ನೋ ಆಸೆ ತೋರಿಸಿದ್ದರು.

ಈ ಪಿಸಿಜೂನಿಯರ್ ಕಥೆ ನನಗೆ ಬಹಳ ಇಷ್ಟ. ನಮ್ಮ ಇವತ್ತಿನ ತೊಂದರೆಗಳೆಲ್ಲ ಆಗಲೇ ಅದರಲ್ಲಿದ್ದವು. ಒಂದೇ ಕೋಣೆಯಲ್ಲಿ ನಾಲ್ಕಾರು ಯಂತ್ರಗಳಿದ್ದರೆ ಒಂದರ ಕೀಬೋರ್ಡಿನ ಮಾತು ಇನ್ನೊಂದಕ್ಕೆ ಕೇಳಿಸಿಬಿಡುತ್ತಿತ್ತು. ಶಾಲೆಗೆ ಕೊಂಡವರ ಪಾಡು ಊಹಿಸಿಕೊಳ್ಳಿ. ಎದುರಿಗೆ ಏನಾದರೂ ಅಡ್ಡ ಬಂದರೆ ಬೆಳಕು ತಲುಪುತ್ತಿರಲಿಲ್ಲ. ಇನ್ನೂ ಒಂದಿದೆ. ಖರ್ಚು ಉಳಿಸಲು ಆ ಬೆಳಕಿನ ಮಿಣುಕನ್ನು ಬಿಡಿಸಿ ಓದುವ ಕೆಲಸವನ್ನೂ ಮುಖ್ಯ ಪ್ರೊಸೆಸರಿಗೇ ವಹಿಸಿದ್ದರು. ಫ್ಲಾಪಿಯಿಂದ ಓದುವ ಕೆಲಸವೂ ಅದೇ ಪ್ರೊಸೆಸರಿನದು. ಹಾಗಾಗಿ ಫ್ಲಾಪಿ ಗರಗರ ತಿರುಗುತ್ತಿರುವಾಗ ನೀವು ಒತ್ತಿದ ಕೀಲಿ ಗಾಳಿಗೆ ಹೋಯಿತು ಅಂತಲೇ ಲೆಕ್ಕ. ಕೀಬೋರ್ಡ್ ಹೇಳುತ್ತಿದೆ, ಆಲಿಸೋ ಮನುಷ್ಯ ಬೇರೆ ಕೌಂಟರಿನಲ್ಲಿದ್ದಾನೆ.

ಐಬಿಎಂ ಏನು ಮಾಡಿತು ಗೊತ್ತಾ? ಆ ವೈರ್‌ಲೆಸ್ ಕೀಬೋರ್ಡಿಗೆ ಹಾಕಲು ಒಂದು ವೈರನ್ನೂ ಬೇರೆಯಾಗಿ ಮಾರುತ್ತಿತ್ತು! ವೈರ್ ಸಿಕ್ಕಿಸಿದರೆ ಬೆಳಕಿನ ದಾರಿ ತಾನಾಗಿ ಬಂದ್. ಆ ಚಿಕ್ಕ ಗುಂಡಿಗಳ ಕೀಬೋರ್ಡನ್ನು ಜನ ಎಷ್ಟು ಬೈದರು ಅಂದರೆ 1984ರಲ್ಲಿ ಕಂಪನಿ ಪುಕ್ಕಟೆಯಾಗಿ ಬೇರೆ ಕೀಬೋರ್ಡ್ ಕೊಡಬೇಕಾಯಿತು. 1985ರ ಮಾರ್ಚಿನಲ್ಲಿ ಪಿಸಿಜೂನಿಯರ್ ತಯಾರಿಕೆಯೇ ನಿಂತಿತು.

ನಮ್ಮ ದೇಶದಲ್ಲಿ ಆಗಿನ್ನೂ ಬ್ಯಾಂಕುಗಳಲ್ಲಿ ಲೆಡ್ಜರ್ ಪುಸ್ತಕಗಳ ಕಾಲ. ಯಂತ್ರೀಕರಣಕ್ಕೆ ರಂಗರಾಜನ್ ಸಮಿತಿ ವರದಿ ಕೊಟ್ಟದ್ದೇ 1984ರಲ್ಲಿ. ನಾನು ಕುಮಟಾ ಬಿಟ್ಟು ಮುಂಬೈಗೆ ಬಂದು ಬ್ಯಾಂಕು ಸೇರುವ ಹೊತ್ತಿಗೆ ಎಎಲ್‌ಪಿಎಂ ಅನ್ನೋ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದಿದ್ದವು. ಅವುಗಳ ಕೀಬೋರ್ಡು ಟಕಟಕ ಅನ್ನೋ ಸದ್ದು ಸಂಜೆ ಲೋಕಲ್ ಟ್ರೇನಿನಲ್ಲೂ ಕಿವಿಯಲ್ಲಿರುತ್ತಿತ್ತು.

ಕಥೆ ತಿರುವು ತೆಗೆದುಕೊಂಡದ್ದು 1996ರ ಜನವರಿಯಲ್ಲಿ. ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್ ಸೇರಿ ಯುಎಸ್‌ಬಿ 1.0 ಪ್ರಕಟಿಸಿದವು. ಇಂಟೆಲ್ ಕಡೆಯಿಂದ ಇದರಲ್ಲಿ ಮುಂದೆ ನಿಂತವರು ನಮ್ಮ ವಡೋದರಾದ ಅಜಯ್ ಭಟ್. ಪ್ರಿಂಟರಿಗೊಂದು, ಮೌಸಿಗೊಂದು, ಮೋಡೆಮ್ಮಿಗೊಂದು ಅಂತ ಹತ್ತು ಥರದ ಪ್ಲಗ್ಗುಗಳ ಕಾಟ ತಪ್ಪಿಸಿ ಎಲ್ಲಕ್ಕೂ ಒಂದೇ ತೂತು ಮಾಡಬೇಕು ಅನ್ನೋದು ಉದ್ದೇಶ. ಒಳ್ಳೆಯದೇ. ಆದರೆ ಆ ಒಳ್ಳೆಯದಕ್ಕೆ ಕೀಬೋರ್ಡ್ ಒಂದು ಬೆಲೆ ತೆತ್ತಿತು. ಹಿಂದೆ ಅದಕ್ಕೆ ನೇರ ಬಾಗಿಲಿತ್ತು. ಈಗ ಅದು ಯುಎಸ್‌ಬಿ ಅನ್ನೋ ದೊಡ್ಡ ಕಟ್ಟಡದ ಒಬ್ಬ ಬಾಡಿಗೆದಾರ. ಮೊದಲು ಯುಎಸ್‌ಬಿ ಕಂಟ್ರೋಲರಿನ ಡ್ರೈವರ್ ಏಳಬೇಕು, ಅದು ಒಂದೊಂದೇ ಸಾಧನವನ್ನು ನೀನು ಯಾರು ಅಂತ ಕೇಳಬೇಕು, ನಾನು ಕೀಬೋರ್ಡು ಅಂತ ಇದು ಹೇಳಬೇಕು, ಆಮೇಲೆ ಕೀಬೋರ್ಡಿನ ಡ್ರೈವರ್ ಬರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೂ ಎಂಟರ್ ಒತ್ತಿದ್ದು ವ್ಯರ್ಥ.

ಇದನ್ನು ಮಾಡಿದವರು ದಡ್ಡರಲ್ಲ. ಕಂಪ್ಯೂಟರ್ ಆನ್ ಆದ ಕೂಡಲೇ ಪುಟ್ಟ ಬಯಾಸಿಗೆ ಇಷ್ಟೆಲ್ಲ ತಿಳಿಯೋದಿಲ್ಲ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಕೀಬೋರ್ಡ್-ಮೌಸ್‌ಗಳ ಯುಎಸ್‌ಬಿ ನಿಯಮದಲ್ಲಿ 'ಬೂಟ್ ಪ್ರೋಟೋಕಾಲ್' ಅನ್ನೋ ಸರಳ ಭಾಷೆಯನ್ನು ಇಟ್ಟರು. ಎಂಟೇ ಎಂಟು ಬೈಟು: ಒಂದರಲ್ಲಿ ಶಿಫ್ಟ್, ಕಂಟ್ರೋಲ್ ಇತ್ಯಾದಿ, ಒಂದು ಖಾಲಿ, ಉಳಿದ ಆರರಲ್ಲಿ ಒತ್ತಿರುವ ಆರು ಕೀಲಿಗಳು. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ನೀರು, ಊಟ, ರೂಮು ಅಂತ ಮೂರು ಮಾತು ಕಲಿತ ಹಾಗೆ. ಬಯಾಸಿಗೆ ಅಷ್ಟು ಸಾಕು.

ಡಾಸಿನಂಥ ಹಳೆಯ ತಂತ್ರಾಂಶಕ್ಕೆ ಯುಎಸ್‌ಬಿ ಅಂದರೇನೇ ಗೊತ್ತಿಲ್ಲವಲ್ಲ, ಅದಕ್ಕೊಂದು ನಾಟಕ ಕಟ್ಟಿದರು. ಬಯಾಸ್ ಸೆಟಪ್ಪಿನಲ್ಲಿ 'ಲೆಗಸಿ ಯುಎಸ್‌ಬಿ ಸಪೋರ್ಟ್' ಅಂತ ನೋಡಿರಬಹುದು. ಅದು ಆನ್ ಇದ್ದರೆ ಬಯಾಸ್ ತೆರೆಯ ಹಿಂದೆ ನಿಂತು ಯುಎಸ್‌ಬಿ ಕೀಬೋರ್ಡಿನ ಮಾತನ್ನು ಹಳೆಯ 8042 ಚಿಪ್ಪಿನ ದನಿಯಲ್ಲಿ ಹೇಳುತ್ತೆ. ಪ್ರೊಸೆಸರನ್ನು ಅರೆಕ್ಷಣ ನಿಲ್ಲಿಸಿ, ಈ ವೇಷ ಹಾಕಿ, ಮತ್ತೆ ಬಿಡುತ್ತೆ. ಮುಂದೆ ಕೂತ ಡಾಸ್ ಪಾಪ, ಪಿಎಸ್/2 ಕೀಬೋರ್ಡೇ ಇದೆ ಅಂತ ನಂಬುತ್ತೆ. ಯಕ್ಷಗಾನದಲ್ಲಿ ಕುಣಿಯೋನೊಬ್ಬ, ಹಾಡೋನೊಬ್ಬ ಇದ್ದಂತೆ.

ಇಲ್ಲಿಗೆ ನಮ್ಮ ಬ್ಯಾಂಕಿನ ವಿಷಯ ಬಂತು. ಬ್ರಾಂಚಿನಲ್ಲಿ ಸ್ಟ್ರಾಂಗ್‌ರೂಮಿನ ಕೀಲಿಕೈ ಇಬ್ಬರ ಹತ್ತಿರ ಇರುತ್ತೆ. ಒಬ್ಬರು ರಜೆ ಹೋಗುವಾಗ ಇನ್ನೊಬ್ಬರಿಗೆ ಚಾರ್ಜ್ ಕೊಡಬೇಕು. ನಗದು ಎಣಿಸಿ, ರಿಜಿಸ್ಟರಿನಲ್ಲಿ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಕೊಟ್ಟವರು ಸಹಿ ಹಾಕಿ ಹೊರಟುಹೋಗಿದ್ದಾರೆ, ತೆಗೆದುಕೊಳ್ಳಬೇಕಾದವರು ಜುಲೈ ಮಳೆಯಲ್ಲಿ ಲೋಕಲ್ ಟ್ರೇನಿನಲ್ಲಿ ಸಿಕ್ಕಿಬಿದ್ದಿದ್ದಾರೆ ಅಂದುಕೊಳ್ಳಿ. ಹೊರಗೆ ಗ್ರಾಹಕರು ಚೆಕ್ಕು ಹಿಡಿದು ನಿಂತಿದ್ದಾರೆ, ಒಳಗೆ ಹಣವೂ ಇದೆ, ಕೊಡುವವರಿಲ್ಲ. ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಕೀಬೋರ್ಡಿಗೆ ಆಗೋದು ಇದೇ. ಮೊದಲ ಮೆನುವಿನವರೆಗೆ ಚಾರ್ಜ್ ಬಯಾಸಿನದು, ಈಗಿನ ಯಂತ್ರಗಳಲ್ಲಿ ಅದರ ಉತ್ತರಾಧಿಕಾರಿ ಯುಇಎಫ್‌ಐನದು. ಇನ್‌ಸ್ಟಾಲರಿನ ಕರ್ನೆಲ್ ಎದ್ದ ಕೂಡಲೇ ಅದು ಯುಎಸ್‌ಬಿಯನ್ನು ಬಿಡು, ನಾನು ನೋಡಿಕೊಳ್ಳುತ್ತೇನೆ ಅನ್ನುತ್ತೆ. ಹಳಬ ಬಿಟ್ಟು ಹೋಗುತ್ತಾನೆ. ಹೊಸಬನ ಹತ್ತಿರ ಸರಿಯಾದ ಡ್ರೈವರ್ ಇಲ್ಲದಿದ್ದರೆ ಅಲ್ಲಿಗೆ ಕೀಬೋರ್ಡ್ ಅನಾಥ. ನಾನು ಸುಮ್ಮನೆ ಹೋಲಿಕೆ ಕಟ್ಟುತ್ತಿಲ್ಲ, ಎಷ್ಟೋ ಮದರ್‌ಬೋರ್ಡುಗಳ ಸೆಟಪ್ಪಿನಲ್ಲಿ ಆ ಆಯ್ಕೆಯ ಹೆಸರೇ 'ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್' ಅಂತ ಇದೆ!

ವಿಂಡೋಸ್ 98ರ ಕಾಲದಲ್ಲೇ ಇದರ ಮೊದಲ ರುಚಿ ಸಿಕ್ಕಿತ್ತು. ಅರ್ಧ ಇನ್‌ಸ್ಟಾಲ್ ಆದ ಮೇಲೆ ವಿಂಡೋಸ್ ಯುಎಸ್‌ಬಿಯ ಚಾರ್ಜ್ ತೆಗೆದುಕೊಂಡು, ಹೊಸ ಕೀಬೋರ್ಡ್ ಸಿಕ್ಕಿದೆ, ಅದರ ಡ್ರೈವರ್ ಹಾಕಲು ನೆಕ್ಸ್ಟ್ ಒತ್ತಿ ಅನ್ನುತ್ತಿತ್ತು. ಒತ್ತೋದಕ್ಕೆ ಆ ಕೀಬೋರ್ಡೇ ಬೇಕು. ಎಫ್1 ಜೋಕಿನ ಎರಡನೇ ಅವತಾರ. ಆಗ ಹೆಚ್ಚಿನವರ ಹತ್ತಿರ ಹಳೆಯ ಪಿಎಸ್/2 ಮೌಸೋ ಕೀಬೋರ್ಡೋ ಇದ್ದೇ ಇರುತ್ತಿದ್ದರಿಂದ ಬಚಾವಾದರು.

ದೊಡ್ಡ ಪ್ರಮಾಣದಲ್ಲಿ ಜನ ಸಿಕ್ಕಿಬಿದ್ದದ್ದು 2015ರ ನಂತರ. ವಿಂಡೋಸ್ 7 ಬಿಡುಗಡೆಯಾದದ್ದು 2009ರ ಅಕ್ಟೋಬರಿನಲ್ಲಿ. ಯುಎಸ್‌ಬಿ 3.0 ನಿಯಮ 2008ರ ನವೆಂಬರಿನಲ್ಲೇ ಬಂದಿದ್ದರೂ ಅದರ ಡ್ರೈವರ್ ವಿಂಡೋಸ್ 7ರ ಡಿವಿಡಿಯಲ್ಲಿ ಇರಲಿಲ್ಲ. ತನ್ನದೇ ಡ್ರೈವರ್ ಜೊತೆ ಬಂದ ಮೊದಲ ವಿಂಡೋಸ್ ಅಂದರೆ 2012ರ ವಿಂಡೋಸ್ 8. ನಡುವೆ ಕೆಲವು ವರ್ಷ ಯಾರಿಗೂ ತೊಂದರೆ ಆಗಲಿಲ್ಲ, ಯಾಕೆಂದರೆ ಮದರ್‌ಬೋರ್ಡಿನಲ್ಲಿ ಹಳೆಯ ಯುಎಸ್‌ಬಿ 2.0 ಕಂಟ್ರೋಲರ್ ಕೂಡ ಇರುತ್ತಿತ್ತು. 2015ರ ಆಗಸ್ಟಿನಲ್ಲಿ ಇಂಟೆಲ್ 'ಸ್ಕೈಲೇಕ್' ಪ್ರೊಸೆಸರ್ ತಂದಾಗ ಅದರ ಜೊತೆಯ 100 ಸರಣಿಯ ಚಿಪ್‌ಸೆಟ್ಟಿನಿಂದ ಆ ಹಳೆಯ ಕಂಟ್ರೋಲರನ್ನು ತೆಗೆದುಹಾಕಿತು. ಕಪ್ಪು ತೂತು, ನೀಲಿ ತೂತು ಎರಡರ ಹಿಂದೆಯೂ ಈಗ ಒಬ್ಬನೇ ಹೊಸಬ, ಮತ್ತು ವಿಂಡೋಸ್ 7ಕ್ಕೆ ಅವನ ಪರಿಚಯವೇ ಇಲ್ಲ.

2016ರಲ್ಲಿ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲೇ ಇದು ನಡೆಯಿತು. ಕೆಳಗಿನ ಮನೆಯಲ್ಲೊಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಹದಿನಾರು ವರ್ಷದ ಹುಡುಗನಾಗಿ ಉಡುಪಿ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮಾಸ್ತರಾದವರು. ಆ ದಿನಗಳನ್ನು ಬರೆದಿಡಬೇಕು ಅಂತ ನುಡಿಯಲ್ಲಿ ಮುನ್ನೂರು ಪುಟದ ಹತ್ತಿರ ಟೈಪ್ ಮಾಡಿದ್ದರು. ಯುನಿಕೋಡ್ ಅಲ್ಲ, ಹಳೆಯ ನುಡಿ ಫಾಂಟು. ಫೈಲು ತೆರೆಯಲು ಆ ಫಾಂಟೇ ಬೇಕು, ಇಲ್ಲದಿದ್ದರೆ ಬರೀ ಇಂಗ್ಲಿಷ್ ಚಿತ್ತಾರ. ಹಳೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿತ್ತು. ಅವರ ನುಡಿ ವಿಂಡೋಸ್ 7ರಲ್ಲಿ ನಡೆಯುತ್ತೆ ಅಂತ ಗೊತ್ತಿದ್ದರಿಂದ ಅದೇ ಬೇಕು ಅಂತ ಹಟ. ಮಗ ಹೊಸ ಯಂತ್ರ, ವೈರ್‌ಲೆಸ್ ಕೀಬೋರ್ಡು-ಮೌಸಿನ ಜೋಡಿ ಕೊಡಿಸಿದ. ಡಿವಿಡಿ ಹಾಕಿದರೆ ಇನ್‌ಸ್ಟಾಲ್ ಪರದೆ ಬಂತು, ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಅಂಗಡಿಯವನು ಕೀಬೋರ್ಡ್ ಹಾಳು ಅಂತ ಇನ್ನೊಂದು ಮಾರಿದ. ಅದೂ ಇಲ್ಲ. ಆಮೇಲೆ ಮದರ್‌ಬೋರ್ಡೇ ಹಾಳಿರಬಹುದು ಅಂದ. ಮೇಷ್ಟ್ರಿಗೆ ನಿಜವಾಗಿ ಹೆದರಿಕೆಯಾದದ್ದು ದುಡ್ಡಿಗಲ್ಲ. ಹಳೆಯ ಯಂತ್ರ ನಿಂತುಹೋಗುವ ಮೊದಲು ಹೊಸದು ಏಳದಿದ್ದರೆ ಬರೆದದ್ದೆಲ್ಲ ಹೋಯಿತು ಅಂತ.

ನೋಡಲು ಹೋದಾಗ ನನಗೆ ಕಣ್ಣಿಗೆ ಬಿದ್ದದ್ದು ಒಂದೇ: ಆನ್ ಆದ ಕೂಡಲೇ ಬರೋ ಸೆಟಪ್ ಪುಟದಲ್ಲಿ ಎರಡೂ ಕೀಬೋರ್ಡುಗಳು ಚೆನ್ನಾಗಿ ನಡೆಯುತ್ತಿದ್ದವು. ಅಲ್ಲಿ ನಡೆದ ಮೇಲೆ ಬ್ಯಾಟರಿ, ರಿಸೀವರ್, ತೂತು, ಮದರ್‌ಬೋರ್ಡ್ ಎಲ್ಲ ಸರಿ ಅಂತ ಆಯಿತಲ್ಲ. ಇನ್‌ಸ್ಟಾಲರಿಗೆ ಬಂದ ಮೇಲೆ ಸಾಯುತ್ತೆ ಅಂದರೆ ಚಾರ್ಜ್ ತೆಗೆದುಕೊಂಡವನ ಹತ್ತಿರ ಡ್ರೈವರ್ ಇಲ್ಲ. ಕಂಪ್ಯೂಟರಿನ ಹಿಂದೆ ಒಂದು ದುಂಡನೆಯ ಪಿಎಸ್/2 ತೂತಿತ್ತು. ಅವರ ಹಳೆಯ ಕಂಪ್ಯೂಟರಿನ ಎಣ್ಣೆ-ಧೂಳು ಹಿಡಿದ ಕೀಬೋರ್ಡನ್ನೇ ಬಿಚ್ಚಿ ತಂದು, ಯಂತ್ರ ಆರಿಸಿ, ಅದಕ್ಕೆ ಸಿಕ್ಕಿಸಿದೆವು. ಪಿಎಸ್/2ವನ್ನು ಯಾವತ್ತೂ ಆರಿಸಿಯೇ ಸಿಕ್ಕಿಸಬೇಕು, ಯುಎಸ್‌ಬಿಯ ಹಾಗೆ ನಡೆಯುತ್ತಿರುವಾಗ ತುರುಕಬಾರದು. ಮೌಸ್ ಇಲ್ಲದೆ ಟ್ಯಾಬ್, ಬಾಣದ ಗುರುತು, ಎಂಟರ್ ಇಷ್ಟರಲ್ಲೇ ಇನ್‌ಸ್ಟಾಲ್ ಮುಗಿಯಿತು. ಆಮೇಲೆ ಮದರ್‌ಬೋರ್ಡಿನ ಜೊತೆ ಬಂದ ಸಿಡಿಯಿಂದ ಯುಎಸ್‌ಬಿ 3.0 ಡ್ರೈವರ್ ಹಾಕಿದೆವು. ಹಾಕಿದ ಕ್ಷಣವೇ ಎರಡು ವೈರ್‌ಲೆಸ್ ಕೀಬೋರ್ಡುಗಳೂ ಜೀವ ತಳೆದವು. ಮರುದಿನ ಮೇಷ್ಟ್ರ ಫೈಲುಗಳನ್ನು ಹೊಸದಕ್ಕೆ ತಂದು, ಜೊತೆಗೆ ಯುನಿಕೋಡಿಗೂ ಬದಲಿಸಿ ಇಟ್ಟೆ. ಎರಡನೇ ಕೀಬೋರ್ಡನ್ನು ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ.

ಆಗ ಇಂಟೆಲ್ ಮತ್ತು ಮದರ್‌ಬೋರ್ಡ್ ಕಂಪನಿಗಳು ವಿಂಡೋಸ್ 7ರ ಪೆನ್‌ಡ್ರೈವಿಗೆ ಯುಎಸ್‌ಬಿ 3.0 ಡ್ರೈವರ್ ತುಂಬಿಕೊಡುವ ತಂತ್ರಾಂಶ ಹಂಚಿದವು. ಕೆಲವರು ಬಯಾಸಿನಲ್ಲೇ ಪಿಎಸ್/2 ವೇಷದ ಆಯ್ಕೆ ಕೊಟ್ಟರು. ಅಂಗಡಿಗಳವರೆಗೆ ಆ ಸುದ್ದಿ ಎಷ್ಟು ಮುಟ್ಟಿತೋ ದೇವರಿಗೇ ಗೊತ್ತು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಬೆಂಬಲವೇ ಮುಗಿಯಿತು.

ಇನ್ನು ಬ್ಲೂಟೂತ್. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಶುರುವಾದ ಕೆಲಸ, 1998ರಲ್ಲಿ ಐದು ಕಂಪನಿಗಳ ಕೂಟವಾಯಿತು, ಹತ್ತನೇ ಶತಮಾನದ ಡೆನ್ಮಾರ್ಕಿನ ಒಬ್ಬ ರಾಜನ ಹೆಸರಿಟ್ಟುಕೊಂಡಿತು. ವೈರ್‌ಲೆಸ್ ಅಂದರೆ ಎಲ್ಲ ಒಂದೇ ಅಂತ ಜನ ತಿಳಿಯುತ್ತಾರೆ, ಆದರೆ ಇನ್‌ಸ್ಟಾಲ್ ಮಾಡುವವನಿಗೆ ಎರಡು ಜಾತಿಯ ನಡುವೆ ಅಜಗಜಾಂತರ. ಚಿಕ್ಕ ಯುಎಸ್‌ಬಿ ರಿಸೀವರ್ ಜೊತೆ ಬರೋ ಕೀಬೋರ್ಡಿನಲ್ಲಿ ರೇಡಿಯೋ ಮಾತುಕತೆಯೆಲ್ಲ ಕೀಬೋರ್ಡು ಮತ್ತು ರಿಸೀವರಿನ ಖಾಸಗಿ ವ್ಯವಹಾರ. ಕಂಪ್ಯೂಟರಿನ ಕಡೆಗೆ ರಿಸೀವರ್ ತನ್ನನ್ನು ಸಾದಾ ಯುಎಸ್‌ಬಿ ಕೀಬೋರ್ಡ್ ಅಂತಲೇ ಹೇಳಿಕೊಳ್ಳುತ್ತೆ, ಆ ಎಂಟು ಬೈಟಿನ ಭಾಷೆಯನ್ನೂ ಆಡುತ್ತೆ. ಬ್ಲೂಟೂತ್ ಕೀಬೋರ್ಡಿನಲ್ಲಿ ಹಾಗಲ್ಲ. ಜೋಡಿ ಮಾಡಿದಾಗ ಹುಟ್ಟುವ ಗುಟ್ಟಿನ ಕೀಲಿ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಉಳಿಯುತ್ತೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದೀರಿ ಅಂದರೆ ಅದಕ್ಕೆ ಆ ಗುಟ್ಟು ಗೊತ್ತಿಲ್ಲ, ಹೊಸದಾಗಿ ಜೋಡಿ ಮಾಡಲು ಮೆನು ಒತ್ತಬೇಕು, ಒತ್ತಲು ಕೀಬೋರ್ಡ್ ಬೇಕು. ಮೂರನೇ ಅವತಾರ! ಒಂದೇ ಯಂತ್ರದಲ್ಲಿ ವಿಂಡೋಸು, ಲಿನಕ್ಸು ಎರಡೂ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು: ಒಂದರಲ್ಲಿ ಜೋಡಿ ಮಾಡಿದರೆ ಇನ್ನೊಂದರಲ್ಲಿ ಬಿಟ್ಟುಹೋಗುತ್ತೆ.

2002-03ರ ಸುಮಾರಿಗೆ ಮೈಕ್ರೋಸಾಫ್ಟ್, ಲಾಜಿಟೆಕ್ ಬ್ಲೂಟೂತ್ ಕೀಬೋರ್ಡ್ ತಂದಾಗ ಇದಕ್ಕೂ ಒಂದು ವೇಷ ಹಾಕಿಸಿದ್ದರು. ಅವುಗಳ ಡಾಂಗಲ್ ಮೊದಲು ಸಾದಾ ಯುಎಸ್‌ಬಿ ಕೀಬೋರ್ಡಿನಂತೆ ನಟಿಸಿ, ಆಪರೇಟಿಂಗ್ ಸಿಸ್ಟಮ್ ಎದ್ದು ಕೇಳಿದ ಮೇಲೆ ಮಾತ್ರ ಬ್ಲೂಟೂತ್ ಆಗುತ್ತಿತ್ತು. ಲಿನಕ್ಸಿನಲ್ಲಿ ಈ ವೇಷ ಬದಲಾಯಿಸಲೆಂದೇ ಒಂದು ಪುಟ್ಟ ಸಾಧನ ಬರೆದಿದ್ದರು. ಲ್ಯಾಪ್‌ಟಾಪುಗಳಲ್ಲಿ ಬ್ಲೂಟೂತ್ ಒಳಗೇ ಬಂದ ಮೇಲೆ ಈ ಒಳ್ಳೆಯ ಉಪಾಯ ಮರೆತೇಹೋಯಿತು. ಆಪಲ್ ಮಾತ್ರ ಯಂತ್ರವನ್ನೂ ತಂತ್ರಾಂಶವನ್ನೂ ತಾನೇ ಮಾಡುವುದರಿಂದ ಜೋಡಿಯ ಗುಟ್ಟನ್ನು ಫರ್ಮ್‌ವೇರಿಗೂ ತಿಳಿಸಿಟ್ಟು, ಆನ್ ಆಗುವಾಗಲೇ ಬ್ಲೂಟೂತ್ ಕೀಬೋರ್ಡ್ ನಡೆಯುವಂತೆ ಮಾಡಿಕೊಂಡಿತು.

ರಿಸೀವರ್ ಜಾತಿಯವೂ ಪೂರ್ತಿ ನಿರಾಳವಲ್ಲ. ಮೊದಲು ಅವು 27 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದವು. ಅಲ್ಲಿನ ಗುಟ್ಟು ಎಷ್ಟು ತೆಳ್ಳಗಿತ್ತು ಅಂದರೆ 2007ರಲ್ಲಿ ಸ್ವಿಟ್ಜರ್ಲೆಂಡಿನ ಡ್ರೀಮ್‌ಲ್ಯಾಬ್ ಸಂಸ್ಥೆಯವರು ಅಂಥ ಕೆಲವು ಕೀಬೋರ್ಡುಗಳ ಬೀಗದಲ್ಲಿ ಬರೀ 256 ಕೀಲಿ ಸಾಧ್ಯತೆ ಇದೆ ಅಂತ ತೋರಿಸಿಬಿಟ್ಟರು. 256! ನಮ್ಮ ಏಟಿಎಂನ ನಾಲ್ಕಂಕಿಯ ಪಿನ್ನಿಗೇ ಹತ್ತು ಸಾವಿರ ಸಾಧ್ಯತೆ ಇರುತ್ತೆ. ಇನ್‌ಸ್ಟಾಲ್ ಮಾಡುವಾಗ ಮೊದಲು ಕೇಳೋದೇ ಪಾಸ್‌ವರ್ಡ್ ಅಲ್ಲವೇ? ಆಮೇಲೆ ಎಲ್ಲ 2.4 ಗಿಗಾಹರ್ಟ್ಸ್‌ಗೆ ಬಂದವು. ನಮ್ಮ ಸರ್ಕಾರ 2005ರ ಜನವರಿಯಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡ ಅಂತ ನಿಯಮ ಮಾಡಿತು. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಇರೋದು ಅಲ್ಲೇ, ದಾದರ್ ಸ್ಟೇಷನ್ನಿನ ಸಂಜೆಯ ಹಾಗೆ.

ಆ ಗದ್ದಲದಲ್ಲಿ ಇನ್‌ಸ್ಟಾಲ್ ಮಾಡುವವರಿಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. 2012ರಲ್ಲಿ ಇಂಟೆಲ್ ಪ್ರಕಟಿಸಿದ ಬರಹವೊಂದರ ಪ್ರಕಾರ ಯುಎಸ್‌ಬಿ 3.0 ಸಾಧನ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗಲಾಟೆ ಹೊರಸೂಸುತ್ತೆ. ನೀಲಿ ತೂತಿನಲ್ಲಿ ವೇಗದ ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲ್ ಮಾಡುತ್ತಿದ್ದೀರಿ, ಪಕ್ಕದ ತೂತಿನಲ್ಲೇ ಕೀಬೋರ್ಡಿನ ರಿಸೀವರ್ ಇದೆ ಅನ್ನಿ. ಫೈಲುಗಳು ಹರಿಯುತ್ತಿರುವಾಗಲೇ ಕೀಲಿಗಳು ತಪ್ಪುತ್ತವೆ, ಒಂದು ಒತ್ತಿದರೆ ಮೂರು ಬೀಳುತ್ತೆ. ಪಿಸಿಜೂನಿಯರಿನ ಫ್ಲಾಪಿ ನೆನಪಾಯಿತೇ? ಕಾರಣ ಬೇರೆ, ಕಾಟ ಅದೇ. ರಿಸೀವರನ್ನು ದೂರದ ಕಪ್ಪು ತೂತಿಗೆ ಹಾಕಿದರೆ ಅಥವಾ ಒಂದು ಗೇಣಿನ ಎಕ್ಸ್‌ಟೆನ್ಷನ್ ವೈರಿನಲ್ಲಿ ಆಚೆ ತಂದರೆ ಸರಿಹೋಗುತ್ತೆ.

ಲಿನಕ್ಸಿನವರಿಗೆ ಇನ್ನೊಂದು. ಲಾಜಿಟೆಕ್ 2009ರಲ್ಲಿ ಒಂದೇ ರಿಸೀವರಿಗೆ ಆರು ಸಾಧನ ಜೋಡಿಸೋ 'ಯೂನಿಫೈಯಿಂಗ್' ತಂದ ಮೇಲೆ ಲಿನಕ್ಸಿನಲ್ಲಿ ಅದಕ್ಕೆಂದೇ ಬೇರೆ ಡ್ರೈವರ್ ಬಂತು. ಗೂಢಲಿಪಿ ಹಾಕಿದ ಡಿಸ್ಕಿನ ಪಾಸ್‌ವರ್ಡ್ ಕೇಳುವ ಹಂತದಲ್ಲಿ ಪೂರ್ತಿ ಲಿನಕ್ಸ್ ಎದ್ದಿರೋದಿಲ್ಲ, ಒಂದು ಚಿಕ್ಕ ಮುನ್ನೋಟದ ವ್ಯವಸ್ಥೆ ಮಾತ್ರ ಇರುತ್ತೆ. ಆ ಡ್ರೈವರನ್ನು ಅದರೊಳಗೆ ತುಂಬದಿದ್ದ ವಿತರಣೆಗಳಲ್ಲಿ ಪಾಸ್‌ವರ್ಡ್ ಕೇಳಿ, ಉತ್ತರ ಕೇಳಿಸಿಕೊಳ್ಳದೆ ಕೂರುತ್ತಿತ್ತು.

ಆತುರವೂ ಒಂದು ಕಾರಣ. ವಿಂಡೋಸ್ 8 ಕಾಲಕ್ಕೆ ಯಂತ್ರ ಎಷ್ಟು ಬೇಗ ಏಳತೊಡಗಿತು ಅಂದರೆ, ಎಫ್2 ಅಥವಾ ಎಫ್8 ಒತ್ತಲು ಸಿಗುವ ಸಮಯ ಕೆಲವು ಯಂತ್ರಗಳಲ್ಲಿ 200 ಮಿಲಿಸೆಕೆಂಡಿಗಿಂತ ಕಡಿಮೆ ಅಂತ ಮೈಕ್ರೋಸಾಫ್ಟೇ 2012ರ ಮೇ ತಿಂಗಳಲ್ಲಿ ಬರೆಯಿತು. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಬಾಗಿಲು ಮುಚ್ಚುತ್ತೆ. 'ಫಾಸ್ಟ್ ಬೂಟ್' ಇದ್ದರೆ ಯುಎಸ್‌ಬಿಯನ್ನು ಎಬ್ಬಿಸುವ ಗೋಜಿಗೇ ಹೋಗದ ಯಂತ್ರಗಳೂ ಇವೆ, ವೈರ್‌ಲೆಸ್ ಕೀಬೋರ್ಡ್ ನಿದ್ದೆಯಿಂದ ಏಳೋದು ಇನ್ನೂ ತಡ. ಹಾಗಾಗಿಯೇ ವಿಂಡೋಸ್ ಒಳಗಿಂದ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ಆ ಮೆನುವಿಗೆ ಹೋಗುವ ದಾರಿ ಕೊಟ್ಟರು.

ಇಷ್ಟೆಲ್ಲ ಆದ ಮೇಲೆ ಈಗ ಸರಿಹೋಗಿರಬೇಕು ಅಂತೀರಾ? 2025ರ ಅಕ್ಟೋಬರ್ 14 ವಿಂಡೋಸ್ 10ರ ಬೆಂಬಲ ಮುಗಿದ ದಿನ, ಲಕ್ಷಾಂತರ ಜನ ವಿಂಡೋಸ್ 11ಕ್ಕೆ ಹೋಗುತ್ತಿದ್ದ ಹೊತ್ತು. ಅದೇ ದಿನ ಬಂದ ವಿಂಡೋಸ್ 11ರ ಅಪ್‌ಡೇಟಿನಿಂದ ದುರಸ್ತಿಯ ಪರದೆಯಲ್ಲಿ, ಅಂದರೆ ಯಂತ್ರ ಏಳದಿದ್ದಾಗ ಸರಿಮಾಡಲು ಇರುವ ಪರದೆಯಲ್ಲಿ, ಯುಎಸ್‌ಬಿ ಕೀಬೋರ್ಡೂ ಮೌಸೂ ನಿಂತುಹೋದವು. ವಿಂಡೋಸಿನೊಳಗೆ ಎಲ್ಲ ಸರಿ, ಆ ಪರದೆಯಲ್ಲಿ ಮಾತ್ರ ಇಲ್ಲ. ವೈರ್ ಇದ್ದದ್ದಕ್ಕೂ ಅದೇ ಗತಿ, ರಿಸೀವರಿನದಕ್ಕೂ ಅದೇ ಗತಿ. ಅಕ್ಟೋಬರ್ 20ರಂದು ಮೈಕ್ರೋಸಾಫ್ಟ್ ತುರ್ತು ಅಪ್‌ಡೇಟ್ ಬಿಟ್ಟು ಸರಿಮಾಡಿತು. ನಡುವಿನ ಆ ಆರು ದಿನ ದುರಸ್ತಿಯ ಪರದೆಯಲ್ಲಿ ಸಿಕ್ಕಿಕೊಂಡವರಲ್ಲಿ ಟಚ್‌ಸ್ಕ್ರೀನ್ ಇದ್ದವರು ಬೆರಳಲ್ಲಿ ಒತ್ತಿ ಪಾರಾದರು. ಉಳಿದವರಲ್ಲಿ ಪಾರಾದವರ ಪೈಕಿ ಕಂಪ್ಯೂಟರಿನ ಹಿಂದೆ 1987ರ ಆ ದುಂಡನೆಯ ತೂತು, ಅಟ್ಟದ ಮೇಲೆ ಅದಕ್ಕೆ ಹೊಂದುವ ಹಳೆಯ ಕೀಬೋರ್ಡು ಎರಡೂ ಇದ್ದವರೂ ಇದ್ದರು.